ಕತ್ತರಿ ಹಾಕದ ವಿಡಿಯೋ

ಉಜಿರೆಯಲ್ಲಿ ನಾನು ಬಾಡಿಗೆಗಿರುವ ಕಟ್ಟಡದಲ್ಲಿ ನನ್ನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಕಾಲೇಜು ಮಕ್ಕಳು. ಮೂರು ವರ್ಷಕ್ಕೊಮ್ಮೆ ಹಳಬರು ಹೋಗುತ್ತಾರೆ, ಹೊಸಬರು ಬರುತ್ತಾರೆ. ನಾನು ಮಾತ್ರ ಎಂಟು ವರ್ಷದಿಂದ ಎರಡನೇ ಮಾಳಿಗೆಯ ಕೊನೆಯ ಕೋಣೆಯಲ್ಲಿ ನೀರಿನ ಟ್ಯಾಂಕಿನ ಹಾಗೆ ಕೂತುಬಿಟ್ಟಿದ್ದೇನೆ. ಚಪ್ಪಲಿಗಳನ್ನು ನನ್ನ ಬಾಗಿಲೆದುರು ರಾಶಿ ಹಾಕಬೇಡಿ ಎಂದು ಎಷ್ಟು ಬೊಬ್ಬೆ ಹೊಡೆದರೂ ಹಾಕುತ್ತಾರೆ, ಕತ್ತೆಗಳು. ರಜೆಯಲ್ಲಿ ಆ ರಾಶಿ ಕಾಣದಿದ್ದರೆ ನನಗೇ ಬೇಜಾರಾಗುತ್ತದೆ. ಅದನ್ನು ಅವರಿಗೆ ಹೇಳುವಷ್ಟು ಮೂರ್ಖ ನಾನಲ್ಲ.

ಹುಟ್ಟಿ ಬೆಳೆದದ್ದು ಮೂಡುಬಿದಿರೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಲ್ಲಿ ನನಗೆ ಉಳಿದದ್ದು ಒಬ್ಬ ಅಕ್ಕ ಮತ್ತು ಅವಳ ಮನೆಯಲ್ಲಿ ವರ್ಷಕ್ಕೆರಡು ಊಟ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಹೇಳಲು ಒಂದು ಒಳ್ಳೆಯ ಕಥೆಯಾದರೂ ಇದ್ದಿದ್ದರೆ ಆಗುತ್ತಿತ್ತು. ಅದೂ ಇಲ್ಲ. ಸುಮ್ಮನೆ ಆಗಲಿಲ್ಲ.

ಕೆಲಸ ಏನು ಎಂದು ಕೇಳಿದರೆ "ಕಂಪ್ಯೂಟರ್" ಎಂದು ಹೇಳಿ ಮುಗಿಸುತ್ತೇನೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದೆ ನಾನು ಮಾಡಿದ ಅನಾಹುತ ಅರ್ಥವಾಗುವುದಿಲ್ಲ. ನೀವು ಒಂದು ಫೈಲು ಉಳಿಸಿದಾಗ ಅದು ಡಿಸ್ಕಿನಲ್ಲಿ ಎಲ್ಲಿ ಹೋಗಿ ಕೂರಬೇಕು ಎಂದು ಲೆಕ್ಕ ಹಾಕುವ ಭಾಗವೊಂದು ಆಪರೇಟಿಂಗ್ ಸಿಸ್ಟಮ್ಮಿನೊಳಗೆ ಇರುತ್ತದೆ. ಅದಕ್ಕೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ಆ ಕೋಡಿನಲ್ಲಿ ಸಂಖ್ಯೆಗಳು ತಮಗೆ ಕೊಟ್ಟ ಜಾಗವನ್ನು ಮೀರಿ ಹೋಗುವ ಸಾಲುಗಳನ್ನು ಹುಡುಕಿ ತಿದ್ದುವುದು ನನ್ನ ಹೊಟ್ಟೆಪಾಡು. ನಾನು ಸಣ್ಣವನಿದ್ದಾಗ ಹೋಗುತ್ತಿದ್ದ ಡಾಕ್ಟರರಲ್ಲಿ ತಗಡಿನ ಟೋಕನ್ ಇತ್ತು, ಒಂದರಿಂದ ತೊಂಬತ್ತೊಂಬತ್ತರವರೆಗೆ. ಜ್ವರದ ಸೀಸನ್ನಿನಲ್ಲಿ ನೂರನೆಯವ ಬಂದರೆ ಕಂಪೌಂಡರ್ ಪುನಃ ಒಂದನೇ ಟೋಕನನ್ನೇ ಕೊಡುತ್ತಿದ್ದ. ಒಂದು ಎಂದು ಕೂಗಿದಾಗ ಇಬ್ಬರು ಏಳುತ್ತಿದ್ದರು, ದೊಡ್ಡ ಜಗಳವಾಗುತ್ತಿತ್ತು. ಕಂಪ್ಯೂಟರಿನಲ್ಲಿ ಜಗಳ ಆಗುವುದಿಲ್ಲ. ನೂರನೆಯವ ಬಂದು ಒಂದನೆಯವನ ಕುರ್ಚಿಯಲ್ಲೇ ಕೂರುತ್ತಾನೆ, ಒಂದನೆಯವ ಇದ್ದ ಎಂಬ ಗುರುತೇ ಉಳಿಯುವುದಿಲ್ಲ. ಇದಕ್ಕೆ ನಮ್ಮ ಕಸುಬಿನಲ್ಲಿ ಇಂಟೀಜರ್ ಓವರ್‌ಫ್ಲೋ ಎನ್ನುತ್ತೇವೆ.

ಜೊತೆಗೆ ಕೆಲಸ ಮಾಡುವವರು ಲೋಕದ ಮೂಲೆಮೂಲೆಯಲ್ಲಿದ್ದಾರೆ. ಯಾರ ಮುಖವನ್ನೂ ನಾನು ನೋಡಿಲ್ಲ. ನಾನು ತಿದ್ದುಪಡಿ ಕಳುಹಿಸುತ್ತೇನೆ, ಅವರು "ಸೇರಿಸಿದ್ದೇನೆ, ಧನ್ಯವಾದ" ಎಂದು ಒಂದು ಸಾಲು ಬರೆಯುತ್ತಾರೆ. ಇದರ ನಡುವೆ ಒಂದು ಪದ್ಧತಿ ಉಂಟು. ತಪ್ಪನ್ನು ತಿದ್ದಿದವನು ಅಡಿಯಲ್ಲಿ ಒಂದು ಸಾಲು ಸೇರಿಸಬೇಕು: ಈ ತಪ್ಪು ಯಾವ ಹಳೆಯ ಬದಲಾವಣೆಯಿಂದ ಒಳಗೆ ಬಂತು ಎಂದು. ಅದನ್ನು ಬರೆದವರ ಹೆಸರು ಅದಕ್ಕೆ ಅಂಟಿಕೊಂಡೇ ಇರುತ್ತದೆ, ಅವರಿಗೂ ಒಂದು ಪ್ರತಿ ಹೋಗುತ್ತದೆ. ಮರ್ಯಾದೆ ತೆಗೆಯಲು ಅಲ್ಲ, ದಾಖಲೆಗೆ ಎನ್ನುತ್ತಾರೆ. ನಾನು ಮಾತ್ರ ಆ ಸಾಲನ್ನು ಬಹಳ ಖುಷಿಯಿಂದ ಬರೆಯುತ್ತಿದ್ದೆ. ಎಂಥೆಂಥ ದೊಡ್ಡ ಮನುಷ್ಯರು ಸಿಕ್ಕಿಬಿದ್ದಿದ್ದಾರೆ ನನ್ನ ಕೈಯಲ್ಲಿ!

ಈ ಲೋಕದಲ್ಲಿ ನನಗೆ ಸ್ನೇಹಿತ ಎಂದು ಇದ್ದದ್ದು ಒಬ್ಬರು, ಫರಂಗಿಪೇಟೆಯಲ್ಲಿ ವಿಡಿಯೋ ಅಂಗಡಿ ಇಟ್ಟಿರುವ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಮನೆ ನರಿಕೊಂಬಿನಲ್ಲಿ. ಪೇಟೆಯವರೆಲ್ಲ ಕಾಕಾ ಎನ್ನುತ್ತಾರೆ, ನಾನೂ ಹಾಗೇ. ಆರು ವರ್ಷದ ಹಿಂದೆ ಮಂಗಳೂರಿಗೆ ಹೊರಟ ಬಸ್ಸು ಅಲ್ಲಿ ಪಂಕ್ಚರ್ ಆಗಿ ನಿಂತಿತ್ತು. ಪಾಸ್‌ಪೋರ್ಟ್ ಸೈಜಿನ ಫೋಟೋ ಒಂದು ಬೇಕಿತ್ತೆಂದು ಒಳಗೆ ಹೋದೆ. ಕ್ಯಾಮರಾದ ಹಿಂದಿನಿಂದ ಅವರು ಹೇಳಿದರು, "ಎಲ್ಲರಿಗೂ ನಗ್ಬೇಡಿ ಅಂತ ಹೇಳ್ಬೇಕು ಸರ್. ನಿಮ್ಮ ಹತ್ತಿರ ಆ ಕಷ್ಟ ಇಲ್ಲ."

ಎಷ್ಟೋ ತಿಂಗಳಲ್ಲಿ ಮೊದಲ ಸಲ ನಕ್ಕೆ. ಅಂದಿನಿಂದ ಪ್ರತಿ ಆದಿತ್ಯವಾರ ಉಜಿರೆಯಿಂದ ಬಸ್ಸು ಹತ್ತಿ ಅವರ ಅಂಗಡಿಗೆ ಹೋಗಿ ಕೂರುವುದು ಅಭ್ಯಾಸವಾಯಿತು. ಅವರು ಕೆಲಸ ಮಾಡುತ್ತಿದ್ದರು, ನಾನು ಪಕ್ಕದ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತ ಲೋಕವನ್ನು ಬಯ್ಯುತ್ತಿದ್ದೆ. ಅವರಿಗೂ ಬಯ್ಯಲು ಜನ ಬೇಕಿತ್ತು.

ಅವರ ಕಸುಬಿನಲ್ಲೂ ಒಂದು ಪದ್ಧತಿ. ಈ ಕಡೆಯ ಬ್ಯಾರಿ ಮದುವೆಯ ವಿಡಿಯೋಗೆ ಕತ್ತರಿ ಹಾಕುವ ಹಾಗಿಲ್ಲ. ಮನೆಯ ಅರ್ಧ ಜನ ಗಲ್ಫಿನಲ್ಲಿ ಇರುತ್ತಾರೆ, ಅವರು ಮದುವೆಗೆ ಬರುವುದೇ ವಿಡಿಯೋದ ಮೂಲಕ. ಕತ್ತರಿಸಿದರೆ, ಕತ್ತರಿಸಿಹೋದವ ಬೇಕೆಂದೇ ತನ್ನನ್ನು ತೆಗೆದರು ಎನ್ನುತ್ತಾನೆ. ಆದ್ದರಿಂದ ಮೊದಲ ಅತಿಥಿಯಿಂದ ಕೊನೆಯ ಪಾತ್ರೆಯವರೆಗೆ ಒಂದೇ ಓಟ. ಆದರೆ ಕಾಕಾನ ಕ್ಯಾಮರಾಕ್ಕೆ ಜೋಡಿಸುವ ರೆಕಾರ್ಡಿಂಗ್ ಪೆಟ್ಟಿಗೆ ನಾಲ್ಕು ಜಿಬಿ ತುಂಬಿದ ಕೂಡಲೇ ಫೈಲನ್ನು ತುಂಡು ಮಾಡಿ ಹೊಸದು ಶುರು ಮಾಡುತ್ತಿತ್ತು. ನಡುವಿನ ಮೂರು ಸೆಕೆಂಡು ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ಒಂದು ಮದುವೆಯಲ್ಲಿ ಆ ಮೂರು ಸೆಕೆಂಡಿನಲ್ಲೇ ಯಾರೋ ಒಬ್ಬರು ವರನನ್ನು ಅಪ್ಪಿಕೊಂಡಿದ್ದರಂತೆ. ಸೌದಿಯ ದಮ್ಮಾಮಿನಿಂದ ಆ ಅಪ್ಪಿಕೊಂಡವರ ಭಾವ ಫೋನ್ ಮಾಡಿ ಕಾಕಾನ ಜನ್ಮ ಜಾಲಾಡಿದ.

"ಇದಕ್ಕೆ ಎಂತ ಮಾಡುದು ಸರ್?" ಎಂದು ಕೇಳಿದರು.

ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ಒಳಗೆ ಇದ್ದದ್ದು ನಾನು ದಿನಾ ತಿದ್ದುವ ಅದೇ ಆಪರೇಟಿಂಗ್ ಸಿಸ್ಟಮ್ಮಿನ ಸಣ್ಣ ರೂಪ. "ಕಾಕಾ, ಇದು ನನ್ನ ಎಡಗೈ ಕೆಲಸ" ಎಂದೆ. ಎಷ್ಟು ಜಂಬ ನೋಡಿ.

ನಾಲ್ಕು ಜಿಬಿಯ ಮಿತಿ ಇದ್ದ ಹಳೆಯ ಫೈಲ್ ಸಿಸ್ಟಮನ್ನು ತೆಗೆದು, ನಾಲ್ಕು ವರ್ಷದ ಹಿಂದೆ ನಾನೇ ಕೈಯಾಡಿಸಿ ಚೊಕ್ಕ ಮಾಡಿದ್ದ ಇನ್ನೊಂದನ್ನು ಹಾಕಿದೆ. ಪರೀಕ್ಷೆಯನ್ನೂ ಮಾಡಿದೆ. ಹತ್ತು ಜಿಬಿಯ ಒಂದು ಫೈಲು ಬರೆದು, ಓದಿ ನೋಡಿದೆ. ಬರೆದದ್ದು ಬರೆದ ಹಾಗೇ ಇತ್ತು. ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು, "ಇನ್ನು ಇಡೀ ದಿನ ಓಡಲಿ, ತುಂಡಾಗುವುದಿಲ್ಲ" ಎಂದೆ. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟರು. "ಇದರಲ್ಲಿ ಮೊದಲು ತೆಗೆಯುದು ನನ್ನ ಮಗಳ ಮದುವೆಯೇ. ಇನ್ನು ಎರಡು ತಿಂಗಳು ಉಂಟಲ್ಲ, ಅಷ್ಟರವರೆಗೆ ಯಾರೂ ಮುಟ್ಲಿಕ್ಕಿಲ್ಲ."

ಒಬ್ಬಳೇ ಮಗಳು. ಮದುವೆಯಾಗಿ ಹದಿನೈದು ದಿನಕ್ಕೆ ಗಂಡನ ಜೊತೆ ಅಬುಧಾಬಿಗೆ ಹೋಗುವವಳು.

ಮದುವೆ ಬಿ.ಸಿ.ರೋಡಿನ ಹತ್ತಿರದ ಒಂದು ಸಭಾಂಗಣದಲ್ಲಿ. ಕಾಕಾ ಬೆಳಿಗ್ಗೆ ಹತ್ತು ಗಂಟೆಗೆ ತಾವೇ ಕ್ಯಾಮರಾ ಸ್ಟ್ಯಾಂಡಿಗೆ ಏರಿಸಿ, ಬಟನ್ ಒತ್ತಿ, ಯಾರೂ ಮುಟ್ಟದ ಹಾಗೆ ಸುತ್ತ ಕೆಂಪು ರಿಬ್ಬನ್ ಕಟ್ಟಿದರು. ಆಮೇಲೆ ಮೈಕ್ ಹಿಡಿದು, "ಎಲ್ಲರೂ ಮೊಬೈಲ್ ಕಿಸೆಗೆ ಹಾಕಿ. ನನ್ನ ಫ್ರೇಮಿಗೆ ಅಡ್ಡ ಬರ್ಬೇಡಿ, ಇಡೀ ಮದುವೆ ಇದರಲ್ಲಿ ಬರ್ತದೆ" ಎಂದರು. ಅವರ ಮದುವೆಗಳಲ್ಲಿ ಇದು ಯಾವಾಗಲೂ ಇರುವ ಗದರಿಕೆ. ಸ್ವಂತ ಮಗಳ ಮದುವೆಯಲ್ಲಿ ಬಿಡುತ್ತಾರೆಯೇ? ಎಲ್ಲರೂ ನಕ್ಕು ಮೊಬೈಲ್ ಕಿಸೆಗೆ ಹಾಕಿದರು.

ನನ್ನನ್ನು ಮುಂದಿನ ಸಾಲಿನ ಎರಡನೇ ಕುರ್ಚಿಯಲ್ಲಿ ಕೂರಿಸಿದರು. ನಾನು ಹಿಂದೆ ಕೂರುತ್ತೇನೆ ಎಂದರೆ, "ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ, ನೀವು ನಮ್ಮ ಜನ" ಎಂದು ಭುಜ ಒತ್ತಿದರು. ಆಮೇಲೆ ಬಗ್ಗಿ ಕಿವಿಯಲ್ಲಿ, "ಮೂವತ್ತು ವರ್ಷದಲ್ಲಿ ಮೊದಲ ಸಲ ಕ್ಯಾಮರಾದ ಮುಂದೆ ಬರುದು. ಕೈ ಎಲ್ಲಿ ಇಡ್ಬೇಕು ಅಂತಲೇ ಗೊತ್ತಾಗುದಿಲ್ಲ" ಎಂದರು.

ಕೈ ಇಡುವ ಜಾಗ ಹನ್ನೊಂದು ಗಂಟೆಗೆ ಸಿಕ್ಕಿತು. ನಿಖಾದಲ್ಲಿ ಹುಡುಗಿಯ ಅಪ್ಪ ಅಳಿಯನ ಕೈ ಹಿಡಿದು ಮಗಳನ್ನು ಒಪ್ಪಿಸುವ ಮಾತು ಹೇಳಬೇಕು. ಗಂಡಸರ ಸಭೆ ಅದು. ಮಗಳು, ಅವಳ ಉಮ್ಮ, ಎಲ್ಲ ಹೆಂಗಸರು ಗೋಡೆಯಾಚೆ ಇರುತ್ತಾರೆ. ಅಪ್ಪ ತನ್ನನ್ನು ಹೇಗೆ ಒಪ್ಪಿಸಿಕೊಟ್ಟ ಎಂಬುದನ್ನು ಮಗಳು ನೋಡುವುದು ಆಮೇಲೆ, ವಿಡಿಯೋದಲ್ಲಿ. ಕಾಕಾ ಅರ್ಧ ಮಾತು ಹೇಳಿ ನಿಂತುಬಿಟ್ಟರು. ಕಣ್ಣೀರು ಇಳಿಯಿತು. ಅಳಿಯನೇ ಎರಡನೇ ಕೈಯನ್ನೂ ತಂದು ಅವರ ಕೈಯ ಮೇಲಿಟ್ಟ. ಆಮೇಲೆ ಉಳಿದ ಮಾತು ಬಂತು. ನಾನು ಬೇರೆ ಧರ್ಮದವ, ಆ ಮಾತಿನ ಅರ್ಥ ಗೊತ್ತಿಲ್ಲದವ, ಕರವಸ್ತ್ರ ಹುಡುಕಿದೆ.

ಮೂರೂವರೆಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮುಗಿದ ಮೇಲೆ ಕ್ಯಾಮರಾ ನಿಂತಿತು.

ಮೂರನೇ ದಿನ ಅವರ ಫೋನ್ ಬಂತು. ಸ್ವರ ಬೇರೆಯೇ ಇತ್ತು. "ಸರ್, ವಿಡಿಯೋ ಶುರುವಾಗುವಾಗಲೇ ಜನ ಬಿರಿಯಾನಿ ತಿಂದು ಕೈ ತೊಳೀತಾ ಇದ್ದಾರೆ."

"ಹಿಂದಕ್ಕೆ ಓಡಿಸಿ ನೋಡಿ."

"ಅದೇ ಶುರು ಸರ್. ಆಮೇಲೆ ಕುರ್ಚಿ ಪೇರಿಸ್ತಾರೆ. ಆಮೇಲೆ ಹನ್ನೆರಡು ಗಂಟೆಯದ್ದು ಬರ್ತದೆ, ಕಡೆಗೆ ಪುನಃ ಕೈ ತೊಳೀತಾರೆ. ನಿಖಾ ಇಲ್ಲವೇ ಇಲ್ಲ." ಆಮೇಲೆ ಅವರೇ ಹೇಳಿದರು, "ನನ್ನದೇ ತಪ್ಪು ಇರ್ಬೇಕು. ಗಡಿಬಿಡಿಯಲ್ಲಿ ಎಂತದ್ದೋ ಒತ್ತಿದ್ದೇನೆ. ನಿಮಗೆ ಪಾಪ, ಅಷ್ಟು ಕಷ್ಟಪಟ್ಟು ಮಾಡಿಕೊಟ್ಟದ್ದು."

ಅವರು ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು. ಮೊದಲಿದ್ದಲ್ಲಿ ಕೊನೆಯದು ಬಂದು ಕೂತಿದೆ ಎಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದೇ ದಿನ ಬಸ್ಸಿನವರ ಕೈಯಲ್ಲಿ ಪೆಟ್ಟಿಗೆ ತರಿಸಿಕೊಂಡೆ. ಕೋಡು ತೆರೆದು ಹತ್ತು ನಿಮಿಷ ಬೇಕಾಗಲಿಲ್ಲ. ಒಂದು ಗುಣಾಕಾರ. ಡಿಸ್ಕಿನ ತುಂಡಿನ ಸಂಖ್ಯೆಯನ್ನು ತುಂಡಿನ ಗಾತ್ರದಿಂದ ಗುಣಿಸುವ ಸಾಲು. ಉತ್ತರ ಇಡಲು ದೊಡ್ಡ ಡಬ್ಬಿ ಇತ್ತು, ಆದರೆ ಗುಣಾಕಾರ ನಡೆಯುವುದು ಸಣ್ಣ ಡಬ್ಬಿಯಲ್ಲಿ. ನಾಲ್ಕು ಜಿಬಿ ದಾಟಿದ ಕೂಡಲೇ ಉತ್ತರ ಪುನಃ ಸೊನ್ನೆಯಿಂದ ಶುರು. ಪೆಟ್ಟಿಗೆಗೆ ನಾಲ್ಕು ಜಿಬಿ ತುಂಬಲು ಮೂರೂವರೆ ಗಂಟೆ ಬೇಕು. ಹತ್ತು ಗಂಟೆಗೆ ಶುರುವಾದದ್ದು ಒಂದೂವರೆಗೆ ತುಂಬಿತು. ಅಲ್ಲಿಂದ ಮುಂದಿನ ಎರಡು ಗಂಟೆಯ ಕೈ ತೊಳೆಯುವಿಕೆ, ಕುರ್ಚಿ ಪೇರಿಸುವಿಕೆ ಎಲ್ಲ ಹೋಗಿ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗಿನ ದೃಶ್ಯದ ಮೇಲೆ ಕೂತಿತು. ಇಂಥ ಸಾಲನ್ನು ಬೇರೆಯವರ ಕೋಡಿನಲ್ಲಿ ನಾನು ನೂರು ಸಲ ಹಿಡಿದಿದ್ದೇನೆ. ಇದನ್ನು ಬರೆದವ ನಾನು.

ಪರೀಕ್ಷೆ ಮಾಡಿದ್ದೆನಲ್ಲ! ಏನು ಪರೀಕ್ಷೆ, ಮಣ್ಣಂಗಟ್ಟಿ. ಹತ್ತು ಜಿಬಿಯ ಫೈಲಿಗೆ ನಾನು ತುಂಬಿಸಿದ್ದು ಬರೀ ಸೊನ್ನೆ. ಸೊನ್ನೆಯ ಮೇಲೆ ಸೊನ್ನೆ ಬಂದು ಕೂತರೆ ಯಾವನಿಗೆ ಗೊತ್ತಾಗುತ್ತದೆ? ಓದಿದರೆ ಸೊನ್ನೆ, ಸರಿಯಾಗಿದೆ ಎಂದು ಪೆಟ್ಟಿಗೆ ಮುಚ್ಚಿದೆ. ಕೆಲಸ ಕಲಿಯಲು ಬಂದ ಹುಡುಗರು ಹೀಗೆ ಮಾಡಿದ್ದರೆ ಅವರ ಚರ್ಮ ಸುಲಿಯುತ್ತಿದ್ದೆ.

ಎರಡು ದಿನ ಸುಮ್ಮನಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಾಕಾ ತಮ್ಮದೇ ತಪ್ಪು ಎಂದು ನಂಬಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆದಿತ್ಯವಾರದ ಬಸ್ಸು, ಆ ಕುರ್ಚಿ, ಆ ಚಾ ಎಲ್ಲವೂ ಹಾಗೆಯೇ ಉಳಿಯುತ್ತಿತ್ತು. ಹೇಳಿದರೆ ನನಗಿದ್ದ ಒಬ್ಬರೂ ಹೋಗುತ್ತಾರೆ. ತನಗೆಂದು ಒಬ್ಬರೇ ಇರುವವನಿಗೆ ಈ ಲೆಕ್ಕ ಬಹಳ ಭಾರ. ಮೂರನೇ ದಿನ ಕೋಡು ತಿದ್ದಿ ಮುಗಿಸಿದೆ. ಅಡಿಯಲ್ಲಿ ಆ ಸಾಲು ಬರೆಯುವ ಹೊತ್ತು ಬಂತು, ಈ ತಪ್ಪು ಯಾವ ಬದಲಾವಣೆಯಿಂದ ಬಂತು ಎಂದು. ನನ್ನ ಹಳೆಯ ಬದಲಾವಣೆಯನ್ನೇ ಹುಡುಕಿ ಅಲ್ಲಿ ಹಾಕಿದೆ. ಕಳುಹಿಸಿದೆ. ಗುರುತಿಲ್ಲದ ಸಾವಿರ ಜನರಿಗೆ ಹೇಳಿದವ ಫರಂಗಿಪೇಟೆಯ ಒಬ್ಬರಿಗೆ ಹೇಳದೆ ಇರುವುದು ಹೇಗೆ? ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಅವರೊಬ್ಬರೇ ಇದ್ದರು. ನಿಂತುಕೊಂಡೇ ಹೇಳಿದೆ, "ಕಾಕಾ, ನೀವು ಏನೂ ಒತ್ತಿಲ್ಲ. ತಪ್ಪು ನನ್ನದು. ನಾನು ಬರೆದದ್ದರಲ್ಲೇ ಇತ್ತು."

ಟೋಕನಿನ ಕಥೆ ಹೇಳಿ ಅರ್ಥಮಾಡಿಸಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು. "ಅಡಿಯಲ್ಲಿ ಎಲ್ಲಿಯಾದ್ರೂ ಉಳಿದಿರ್ತದಾ ಸರ್? ಕೆರೆದು ತೆಗೀಲಿಕ್ಕೆ ಆಗುದಿಲ್ವಾ?"

"ಇಲ್ಲ ಕಾಕಾ. ಅದೇ ಜಾಗದಲ್ಲಿ ಬೇರೆ ಬಂದಾಯಿತು."

"ಆಲ್ಬಮಿನಲ್ಲಿ ಎರಡು ಫೋಟೋ ಉಂಟು. ಎರಡರಲ್ಲಿಯೂ ನನ್ನ ಬೆನ್ನು." ಅಷ್ಟು ಹೇಳಿ ಮೇಜಿನ ಮೇಲಿದ್ದ ರಿಬ್ಬನನ್ನು ಸುತ್ತಿದರು, ಬಿಚ್ಚಿದರು. "ಬರುವ ವಾರ ಅವಳು ಹೋಗ್ತಾಳೆ. ‘ನನ್ನ ಅಬ್ಬ ಅಳ್ತಾ ಇದ್ರಂತೆ, ನಂಗೆ ನೋಡ್ಬೇಕು’ ಅಂತ ದಿನಾ ಕೇಳ್ತಾಳೆ. ನಾನು ಅವಳಿಗೆ ಎಂತ ಹೇಳುದು?"

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. "ಅಸರ್ ನಮಾಜಿಗೆ ಹೊತ್ತಾಯ್ತು" ಎಂದು ಎದ್ದು, ಶಟರ್ ಅರ್ಧ ಎಳೆದು ಮಸೀದಿಯ ಕಡೆ ನಡೆದರು. ಆ ದಿನ ಚಾ ಬರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಮೇಜಿನ ಮೇಲಿದ್ದ ಅವರ ಕ್ಯಾಮರಾವನ್ನೂ, ಪೂರ್ತಿ ಸರಿಮಾಡಿ ಪರೀಕ್ಷಿಸಿ ಕಳುಹಿಸುತ್ತೇನೆ ಎಂದು ಚೀಟಿ ಬರೆದಿಟ್ಟು, ತೆಗೆದುಕೊಂಡು ಬಂದೆ.

ತಿದ್ದುಪಡಿಗೆ ಉತ್ತರ ಬಂದಿತ್ತು. "ಸೇರಿಸಿದ್ದೇನೆ, ಧನ್ಯವಾದ." ಅದರಿಂದ ಏನು ಕಳೆದುಹೋಯಿತು ಎಂದು ಯಾರೂ ಕೇಳಿರಲಿಲ್ಲ. ಕೇಳುವ ಕ್ರಮವೂ ಇಲ್ಲ.

ಈ ಸಲ ಪರೀಕ್ಷೆಯನ್ನು ಸೊನ್ನೆಯಿಂದ ಮಾಡುವುದಿಲ್ಲ ಎಂದು ನಿರ್ಧರಿಸಿದೆ. ನಿಜವಾದ ಕ್ಯಾಮರಾ, ನಿಜವಾದ ರೆಕಾರ್ಡಿಂಗ್, ಮೂರೂವರೆ ಗಂಟೆ ದಾಟಬೇಕು, ಯಾವ ತುಂಡೂ ಇನ್ನೊಂದರ ಹಾಗಿರಬಾರದು. ಕಾಗದ ಹರಿದು ಒಂದರಿಂದ ಇಪ್ಪತ್ತೈದರವರೆಗೆ ದಪ್ಪ ಅಕ್ಷರದಲ್ಲಿ ಬರೆದೆ. ಕ್ಯಾಮರಾದ ಎದುರು ಕುರ್ಚಿ ಹಾಕಿ ಕೂತೆ. ಹತ್ತು ನಿಮಿಷಕ್ಕೊಮ್ಮೆ ಒಂದು ಚೀಟಿಯನ್ನು ಎದೆಯ ಹತ್ತಿರ ಎತ್ತಿ ಹಿಡಿಯುವುದು. ಆದಿತ್ಯವಾರವಾಗಿತ್ತು, ಹೇಗೂ ಹೋಗಲು ಬೇರೆ ಜಾಗ ಇರಲಿಲ್ಲ. ಮಕ್ಕಳೆಲ್ಲ ರಜೆಗೆ ಊರಿಗೆ ಹೋಗಿದ್ದರು. ಎಂಟನೇ ಚೀಟಿಯಾದ ಮೇಲೆ ಅನ್ನ ಮಜ್ಜಿಗೆ ತಂದುಕೊಂಡು ಅಲ್ಲೇ ಉಂಡೆ. ಹದಿನಾಲ್ಕರ ಹೊತ್ತಿಗೆ ಸ್ವಲ್ಪ ತೂಕಡಿಸಿದೆ. ಇಪ್ಪತ್ತೆರಡನೆಯದನ್ನು ಎತ್ತುವಾಗ ಗಡಿಯಾರ ನೋಡಿದೆ, ಹಳೆಯ ಕೋಡಾಗಿದ್ದರೆ ಇದೇ ಹೊತ್ತಿಗೆ ಒಂದನೇ ಚೀಟಿ ಅಳಿಯುತ್ತಿತ್ತು. ಇಪ್ಪತ್ತೈದು ಮುಗಿಸಿ, ಫೈಲನ್ನು ಮೊದಲಿನಿಂದ ಹಾಕಿದೆ. ಪರದೆಯಲ್ಲಿ ನಾನು ಬಟನಿನಿಂದ ಕೈ ತೆಗೆದು, ಹಿಂದೆ ಸರಿದು ಕೂತು, ಒಂದು ಎಂಬ ಚೀಟಿ ಎತ್ತಿ ಹಿಡಿದೆ. ಉಳಿದಿತ್ತು.

ಮರುದಿನ ಪೆಟ್ಟಿಗೆ, ಕ್ಯಾಮರಾ ಎರಡನ್ನೂ ರಟ್ಟಿನ ಡಬ್ಬಿಯಲ್ಲಿ ಕಟ್ಟಿ ಬಸ್ಸಿನವರ ಕೈಯಲ್ಲಿ ಫರಂಗಿಪೇಟೆಗೆ ಕಳುಹಿಸಿದೆ. ಮುಟ್ಟಿತು ಎಂದು ಕಂಡಕ್ಟರ್ ಹೇಳಿದ. ಕಾಕಾ ಹೇಳಲಿಲ್ಲ. ಐದು ಆದಿತ್ಯವಾರ ಕಳೆಯಿತು. ಬಸ್ ಸ್ಟ್ಯಾಂಡಿನವರೆಗೆ ಎರಡು ಸಲ ಹೋಗಿ ಬಾಳೆಹಣ್ಣು ತೆಗೆದುಕೊಂಡು ವಾಪಸು ಬಂದೆ. ಮಗಳು ಅಬುಧಾಬಿಗೆ ಹೋಗಿ ಆಗಿತ್ತು. ಕರೆ ಮಾಡಲು ನನಗೆ ಯಾವ ಮುಖ ಇತ್ತು?

ಆರನೇ ವಾರ, ಮಧ್ಯಾಹ್ನ, ಫೋನ್ ಬಂತು. ನಮಸ್ಕಾರ ಇಲ್ಲ, ಏನಿಲ್ಲ. "ಸರ್, ಪೆಟ್ಟಿಗೆಯಲ್ಲಿ ಒಂದು ಫೈಲ್ ಉಂಟು."

"ಅಯ್ಯೋ, ಅದು ಟೆಸ್ಟಿಂಗಿನದ್ದು ಕಾಕಾ. ಅಳಿಸಲು ಮರೆತೆ. ಅಳಿಸಿಬಿಡಿ."

"ನೋಡಿದೆ."

"ಎಷ್ಟು ನೋಡಿದಿರಿ?"

"ಪೂರಾ. ಓಡಿಸಿ ನೋಡಿ ನನಗೆ ಅಭ್ಯಾಸ ಇಲ್ಲ, ನಿಮಗೆ ಗೊತ್ತುಂಟಲ್ಲ." ಆಚೆ ಅಂಗಡಿಯ ಫ್ಯಾನು ಕಿರಗುಟ್ಟುವುದು ಕೇಳುತ್ತಿತ್ತು. "ಕೋಪ ಹೋಗ್ಲಿಲ್ಲ ಸರ್, ಸುಳ್ಳು ಹೇಳುದಿಲ್ಲ. ಅವಳು ಅಲ್ಲಿಂದ ಫೋನ್ ಮಾಡಿದಾಗೆಲ್ಲ ಬರ್ತದೆ. ಆದ್ರೆ ನಾಲ್ಕು ಗಂಟೆ ಸರ್. ನಾಲ್ಕು ಗಂಟೆಗಿಂತ ಜಾಸ್ತಿ. ಒಂದು ಜನ ಬಾಗಿಲು ತಟ್ಲಿಲ್ಲ. ಒಂದು ಫೋನ್ ಬರ್ಲಿಲ್ಲ. ನೀವು ಒಬ್ಬರೇ ಕೂತು ಚೀಟಿ ಎತ್ತುದು, ಇಡುದು. ಯಾರಾದ್ರೂ ಈಗ ಬರ್ತಾರೆ, ಈಗ ಬರ್ತಾರೆ ಅಂತ ನಾನು ಕೊನೆವರೆಗೆ ನೋಡಿದೆ ಮಾರಾಯ್ರೆ."

ರೇಗಿ ಏನಾದರೂ ಹೇಳಿಬಿಡಬೇಕು ಎಂದುಕೊಂಡೆ. ಮಕ್ಕಳು ರಜೆಯಲ್ಲಿದ್ದರು, ಅದು ಬರೀ ಪರೀಕ್ಷೆ, ನಿಮಗೆ ಬೇರೆ ಕೆಲಸ ಇಲ್ಲವೇ ಎಂದು. ಅವರು ಬಿಡಲಿಲ್ಲ.

"ಯಾವಾಗ್ಲೂ ಹೀಗೆಯಾ ಸರ್?" ಎಂದು ಕೇಳಿದರು.

ಈ ಪ್ರಶ್ನೆಯನ್ನು ಅಕ್ಕ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. "ಹೌದು ಕಾಕಾ" ಎಂದೆ, "ಯಾವಾಗಲೂ ಹೀಗೆಯೇ." ಆಮೇಲೆ ಅತ್ತುಬಿಟ್ಟೆ. ಅವರು ಫೋನ್ ಇಡಲಿಲ್ಲ.